ಚೀನಾದ ಹಳೇ ಹಾಯಿಹಡಗುಗಳನ್ನ ಮತ್ತೆ ಕಟ್ಟಿ ಓಡಿಸಿದ್ರೆ ನಿಜವಾಗ್ಲೂ ಏನು ಗೊತ್ತಾಗುತ್ತೆ?

ತೀರದ_ಓದುಗ:

ಎಲ್ರಿಗೂ ನಮಸ್ಕಾರ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನಮ್ಮ ನೌಕಾಪಡೆಗೆ ಕೌಂಡಿನ್ಯ ಸೇರ್ತಲ್ಲ, ಅಜಂತಾದ ಚಿತ್ರ ನೋಡಿ ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದು ಕಟ್ಟಿದ ಹಡಗು, ಹಾಯಿ ಮೇಲೆ ಗಂಡಭೇರುಂಡ ಇರೋದು, ಅದರ ಬಗ್ಗೆ ಓದ್ತಾ ಓದ್ತಾ ನಾನು ಚೀನಾ ಕಡೆ ಹೋಗ್ಬಿಟ್ಟೆ. ಅಲ್ಲಿನ ಜಂಕ್ ಅನ್ನೋ ಹಳೇ ಹಾಯಿಹಡಗುಗಳನ್ನೂ ಹೀಗೇ ಮತ್ತೆ ಕಟ್ಟಿ ಸಮುದ್ರಕ್ಕೆ ಬಿಟ್ಟಿದ್ದಾರೆ ಅಂತ ಗೊತ್ತಾಯ್ತು.

ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. 1974ರಲ್ಲಿ ಕುನೋ ಕ್ನೋಬ್ಲ್ ಅನ್ನೋ ಆಸ್ಟ್ರಿಯಾದವರು ಹಾಂಗ್‌ಕಾಂಗ್‌ನಲ್ಲಿ ಪ್ರಾಚೀನ ಮಾದರಿ ಜಂಕ್ ಕಟ್ಟಿಸಿ ತೈ ಕಿ ಅಂತ ಹೆಸರಿಟ್ಟು ಪೆಸಿಫಿಕ್ ದಾಟೋಕೆ ಹೊರಟ್ರು, ಮಧ್ಯದಲ್ಲೇ ಹಡಗು ಬಿಟ್ಟು ಬರಬೇಕಾಯ್ತು. 1993ರಲ್ಲಿ ಟಿಮ್ ಸೆವೆರಿನ್ ಬಿದಿರಿನ ತೆಪ್ಪದಲ್ಲಿ ಹೊರಟ್ರು, ಅಮೆರಿಕಾ ತೀರಕ್ಕೆ ಇನ್ನೂ ಸಾವಿರ ಮೈಲಿ ಆಸುಪಾಸು ಇರುವಾಗ ತೆಪ್ಪ ಬಿಚ್ಕೊಂಡು ಹೋಯ್ತು. 2009ರಲ್ಲಿ ಪ್ರಿನ್ಸೆಸ್ ತೈಪಿಂಗ್ ಅನ್ನೋ ಜಂಕ್ ಪೆಸಿಫಿಕ್ ಹೋಗಿ ಬಂದೂ ತೈವಾನ್ ಹತ್ರ ಮುಳುಗ್ತು. ಇವೆಲ್ಲ ನೋಡಿದ್ರೆ, ಇಷ್ಟು ದುಡ್ಡು, ಮರ, ಜನರ ಜೀವ ಪಣಕ್ಕಿಟ್ಟು ಮಾಡೋದ್ರಿಂದ ಪುರಾತತ್ವಕ್ಕೆ ಸಿಕ್ಕಿದ್ದೇನು? ದಾಟಿದ್ರೆ "ಪ್ರಾಚೀನರು ದಾಟಿದ್ರು" ಅಂತ ಅರ್ಥನಾ, ಮುಳುಗಿದ್ರೆ "ಪ್ರಾಚೀನರಿಗೆ ಆಗ್ತಿರ್ಲಿಲ್ಲ" ಅಂತನಾ? ಎರಡೂ ನನಗೆ ಸರಿ ಅನ್ಸಲ್ಲ. ಮತ್ತೆ ಇವರು ಯಾವುದನ್ನ ನೋಡಿ ಕಟ್ತಾರೆ? ಡ್ರಾಯಿಂಗ್ ಏನಾದ್ರೂ ಉಳಿದಿದ್ಯಾ? ಗೊತ್ತಿರೋರು ವಿವರವಾಗಿ ಬರೀರಿ, ಉದ್ದ ಆದ್ರೂ ಓದ್ತೀನಿ.

ಹಾಯಿ_ಹಗ್ಗ:

ನಾನು ಓದಿದ್ದು ನೇವಲ್ ಆರ್ಕಿಟೆಕ್ಚರ್, ಹಾಗಾಗಿ ಹಡಗಿನ ಕಡೆಯಿಂದ ಹೇಳ್ತೀನಿ, ಇತಿಹಾಸದ ಕಡೆಯಿಂದ ಬೇರೆಯವರು ಹೇಳ್ಲಿ.

ನೀವು ಹೇಳಿದ ಮೂರೂ ಸುದ್ದಿ ಆದವು, ಯಾಕಂದ್ರೆ ಸಾಗರ ದಾಟೋದು ಸುದ್ದಿ ಆಗುತ್ತೆ. ಆದ್ರೆ ಪುರಾತತ್ವಕ್ಕೆ ಬೇಕಾದ ಉತ್ತರ ಸಿಗೋದು ಅದಕ್ಕಿಂತ ಎಷ್ಟೋ ಮುಂಚೆ, ಹಡಗುಕಟ್ಟೆಯಲ್ಲಿ. ಪ್ರಯೋಗ ಅನ್ನಬೇಕಾದ್ರೆ ಒಂದು ಪ್ರಶ್ನೆ ಇರಬೇಕು, ಆ ಪ್ರಶ್ನೆಗೆ "ಇಲ್ಲ" ಅನ್ನೋ ಉತ್ತರ ಬರೋಕೂ ಜಾಗ ಇರಬೇಕು. "ಪ್ರಾಚೀನ ಚೀನೀಯರು ಅಮೆರಿಕಾಗೆ ಹೋಗಿದ್ರಾ" ಅನ್ನೋದು ಹಡಗು ಕಟ್ಟಿ ಉತ್ತರಿಸೋ ಪ್ರಶ್ನೆನೇ ಅಲ್ಲ. "ಹಡಗಿನ ಒಳಗನ್ನ ಕೋಣೆ ಕೋಣೆ ಮಾಡೋ ಈ ಅಡ್ಡಗೋಡೆನ ಹಲಗೆಗೆ ಹೇಗೆ ಕೂರಿಸ್ತಿದ್ರು, ಕೂರಿಸಿದ್ಮೇಲೆ ನೀರು ನಿಲ್ಲುತ್ತಾ" ಅನ್ನೋದು ಹಾಗಲ್ಲ.

ಡ್ರಾಯಿಂಗ್ ವಿಷಯ. ಇವತ್ತು ನಾವು ಯಾರ್ಡಿಗೆ ಕಳ್ಸೋ ಥರದ ಡ್ರಾಯಿಂಗ್ ಆ ಕಾಲದ್ದು ಅಂತ ಹುಡುಕೋದು ವ್ಯರ್ಥ. ಮುಖ್ಯ ಕುಶಲಕರ್ಮಿ ಅಳತೆಯ ಅನುಪಾತಗಳನ್ನ ನೆನಪಲ್ಲಿ ಇಟ್ಕೊಂಡು ಬಾಯಲ್ಲಿ ಹೇಳ್ತಾ ಹೋಗೋದು, ಉಳಿದವರು ಕಟ್ಟೋದು, ಚೀನಾ ಕರಾವಳಿಯ ಫೂಜಿಯಾನ್‌ನಲ್ಲಿ ಇದೇ ಪದ್ಧತಿ. ಹಾಗಾಗಿ ಇವತ್ತು ಕಟ್ಟೋರಿಗೆ ಆಧಾರ ಅಂದ್ರೆ ನಾಲ್ಕು: ಸಮುದ್ರದಡಿ ಅಥವಾ ಕೆಸರಲ್ಲಿ ಸಿಕ್ಕ ನಿಜವಾದ ಹಡಗು, ಹಳೇ ಬರಹ ಮತ್ತು ಚಿತ್ರ, ಕಳೆದ ಶತಮಾನದಲ್ಲಿ ಕಣ್ಣಾರೆ ನೋಡಿ ಅಳೆದು ಬರೆದಿಟ್ಟ ದಾಖಲೆ, ಮತ್ತೆ ಈಗಲೂ ಬದುಕಿರೋ ಕುಶಲಕರ್ಮಿಗಳ ಕೈ. ಮೂರನೇದಕ್ಕೆ ಒಳ್ಳೇ ಉದಾಹರಣೆ ಚೀನಾದ ಕಸ್ಟಮ್ಸ್ ಇಲಾಖೆಯಲ್ಲಿ ಕೆಲಸ ಮಾಡ್ತಿದ್ದ ವೂಸ್ಟರ್ ಅನ್ನೋ ಇಂಗ್ಲಿಷ್ ಅಧಿಕಾರಿ, ಯಾಂಗ್ಟ್ಸಿ ನದಿಯ ಜಂಕ್, ಸಂಪಾನ್ ದೋಣಿಗಳನ್ನ ಒಂದೊಂದಾಗಿ ಅಳೆದು ಬರೆದಿಟ್ಟಿದ್ದಾರೆ. ಅವರು ನೋಡಿದ ಎಷ್ಟೋ ಮಾದರಿ ಈಗ ನೀರಿನ ಮೇಲೆ ಇಲ್ಲ.

ಇದ್ರಲ್ಲಿ ಮೊದಲನೇದೇ ಎಲ್ಲಕ್ಕಿಂತ ಗಟ್ಟಿ. ನಿಮಗೆ ಒಂದೇ ಒಂದು ಹಡಗಿನ ಬಗ್ಗೆ ಓದೋಕೆ ಹೇಳ್ತೀನಿ ಅಂದ್ರೆ ಅದು ಚ್ವಾನ್‌ಜೌ ಹಡಗು. 1974ರಲ್ಲಿ, ತೈ ಕಿ ಹೊರಟ ಅದೇ ವರ್ಷ, ಫೂಜಿಯಾನ್‌ನ ಚ್ವಾನ್‌ಜೌ ಕೊಲ್ಲಿಯ ಕೆಸರಿಂದ ಅಗೆದು ತೆಗೆದ್ರು. ಸಾಂಗ್ ರಾಜವಂಶದ ಕೊನೇ ಕಾಲದ್ದು, 1270ರ ದಶಕ. ಮೇಲ್ಭಾಗ ಎಲ್ಲ ಹೋಗಿದೆ, ಉಳಿದಿರೋ ತಳಭಾಗವೇ 24.2 ಮೀಟರ್ ಉದ್ದ, 9.15 ಮೀಟರ್ ಅಗಲ. ಒಳಗೆ 12 ಅಡ್ಡಗೋಡೆ, ಅಂದ್ರೆ 13 ಕೋಣೆ. ಸುಗಂಧದ ಮರವೇ ಎರಡು ಟನ್‌ಗಿಂತ ಜಾಸ್ತಿ, ಜೊತೆಗೆ ಕಾಳುಮೆಣಸು, ಧೂಪ. ತಳದ ಬೆನ್ನುಮರ (ಕೀಲ್) ಜೋಡಿಸಿದ ಜಾಗದಲ್ಲಿ ಸಣ್ಣ ಗುಂಡಿ ಮಾಡಿ ಒಳಗೆ ನಾಣ್ಯ, ಕಂಚಿನ ಕನ್ನಡಿ ಇಟ್ಟು ಮುಚ್ಚಿದ್ರು, ಹಡಗಿಗೆ ಒಳ್ಳೇದಾಗ್ಲಿ ಅಂತ. ನನಗೆ ಇದನ್ನ ಓದಿದಾಗ ಮೈ ಜುಮ್ ಅಂದಿತ್ತು.

ಈಗ ಮಾರ್ಕೋ ಪೋಲೋ ಬರೆದಿರೋದನ್ನ ಪಕ್ಕದಲ್ಲಿಟ್ಟು ನೋಡಿ. ಚೀನಾದ ದೊಡ್ಡ ಹಡಗುಗಳಲ್ಲಿ 13 ಕೋಣೆ ಇರ್ತವೆ, ಹಲಗೆ ಎರಡು ಪದರ, ಕಬ್ಬಿಣದ ಮೊಳೆ ಹೊಡೀತಾರೆ, ಸಂದಿಗೆ ಸುಣ್ಣ ಮತ್ತು ಕತ್ತರಿಸಿದ ಸೆಣಬನ್ನ ಮರದ ಎಣ್ಣೆ ಜೊತೆ ಕುಟ್ಟಿ ತುಂಬ್ತಾರೆ, ರಿಪೇರಿ ಬಂದಾಗ ಹಳೇ ಹಲಗೆ ಕೀಳದೆ ಮೇಲೊಂದು ಪದರ ಹೊಡೀತಾರೆ, ಹೀಗೆ ಆರು ಪದರದವರೆಗೂ ಹೋಗ್ತಾರೆ ಅಂತಾನೆ. ಇದನ್ನ ಪ್ರವಾಸಿಯ ಉತ್ಪ್ರೇಕ್ಷೆ ಅಂದ್ಕೊಳ್ಳೋಕೆ ಸುಲಭ ಇತ್ತು. ಚ್ವಾನ್‌ಜೌ ಹಡಗಲ್ಲಿ ತಳದಲ್ಲಿ ಎರಡು ಪದರ, ಪಕ್ಕದಲ್ಲಿ ಮೂರು ಪದರ ಸಿಕ್ತು, ಕೋಣೆ ಸರಿಯಾಗಿ ಹದಿಮೂರು. ಆದ್ರೆ ಈ ಪದರಗಳು ಕಟ್ಟುವಾಗಲೇ ಹಾಕಿದ್ದಾ ಆಮೇಲೆ ಸೇರಿಸಿದ್ದಾ, ಒಂದರ ಮೇಲೊಂದು ಬಗ್ಗಿಸಿ ಕೂರಿಸೋಕೆ ಹಲಗೆ ಎಷ್ಟು ದಪ್ಪ ಇರಬೇಕು, ಮಧ್ಯದಲ್ಲಿ ಗಾರೆ ಎಲ್ಲಾ ಕಡೆ ಕೂತ್ಕೊಳ್ಳುತ್ತಾ, ಇಂಥದ್ದನ್ನ ಕಾಗದದ ಮೇಲೆ ಎಷ್ಟೇ ವಾದ ಮಾಡಿದ್ರೂ ಮುಗಿಯಲ್ಲ, ಮರ ತಗೊಂಡು ಮಾಡಿ ನೋಡಿದ್ರೆ ಒಂದು ವಾರದಲ್ಲಿ ಮುಗಿಯುತ್ತೆ. ಪ್ರಾಯೋಗಿಕ ಪುರಾತತ್ವ ಅನ್ನೋದರ ಬೆಲೆ ನನ್ನ ಪ್ರಕಾರ ಇಲ್ಲಿದೆ.

ಚಿಕ್ಕ ಮಾದರಿ ಮಾಡಿ ಟ್ಯಾಂಕಲ್ಲಿ ಎಳೆದು ನೋಡಿದ್ರೆ ಸಾಲಲ್ವಾ ಅಂತ ಯಾರಾದ್ರೂ ಕೇಳಬಹುದು. ಅಲೆಯ ತಡೆ ಎಷ್ಟು, ಎಷ್ಟು ವಾಲುತ್ತೆ, ಇದಕ್ಕೆ ಸಾಕು. ಕೌಂಡಿನ್ಯಕ್ಕೂ ಐಐಟಿ ಮದ್ರಾಸಿನವರು ಮಾದರಿ ಪರೀಕ್ಷೆ ಮಾಡಿದ್ರು. ಆದ್ರೆ ಮರ ಬಾಗೋದು, ಮೊಳೆ ಸಡಿಲ ಆಗೋದು, ಸಂದಿ ಬಾಯಿ ಬಿಡೋದು, ಒದ್ದೆ ಹಗ್ಗ ಉಜ್ಜೋದು, ಇದ್ಯಾವುದೂ ಚಿಕ್ಕ ಸ್ಕೇಲಲ್ಲಿ ಸರಿಯಾಗಿ ಕಾಣಲ್ಲ. ಅದಕ್ಕೇ ಪೂರ್ತಿ ಅಳತೆಯಲ್ಲಿ ಕಟ್ಟಬೇಕು.

ಬಂದರು_ರಸ್ತೆ:

ಮೇಲಿನವರು ಹೇಳಿದ್ದು ಸರಿ ಉಂಟು, ಆದ್ರೆ ಹಡಗುಕಟ್ಟೆಯಲ್ಲಿ ಎಲ್ಲ ಗೊತ್ತಾಗ್ತದೆ ಅನ್ನೋದನ್ನ ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮದು ಮಂಗ್ಳೂರು, ಹಳೇ ಬಂದರಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿ ನೋಡಿ ಬೆಳೆದವ ನಾನು, ಮನೆಯಲ್ಲಿ ಮರದ ದೋಣಿ ಇತ್ತು. ಕಟ್ಟಿ ನೀರಿಗೆ ಇಳಿಸಿದ ದಿವಸ ಎಲ್ಲ ದೋಣಿಯೂ ಚಂದವೇ ಇರ್ತದೆ ಮಾರಾಯ್ರೆ. ಒಂದು ಮಳೆಗಾಲ ಕಳೆದ ಮೇಲೆ ಅದರ ನಿಜ ಗೊತ್ತಾಗುವುದು.

ತೈ ಕಿಯನ್ನ ಮಧ್ಯದಲ್ಲೇ ಬಿಡಬೇಕಾದದ್ದು ಎಂತಕ್ಕೆ ಅಂತ ನೋಡಿ. ಬಿರುಗಾಳಿಗಿಂತ ಹೆಚ್ಚು ಅದನ್ನ ತಿಂದದ್ದು ಮರ ಕೊರೆಯುವ ಹುಳ. ಹುಳ ಅಂತ ಹೇಳುವುದು, ಅಸಲಿಗೆ ಅದು ಮರುವಾಯಿ, ಅಂದ್ರೆ ಕಪ್ಪೆಚಿಪ್ಪಿನ ಜಾತಿಯದ್ದೇ ಜೀವಿ, ತಲೆಯ ಹತ್ರ ಇರುವ ಎರಡು ಸಣ್ಣ ಚಿಪ್ಪಿನಿಂದ ಮರ ಕೆರೆದು ಒಳಗೆ ಹೋಗ್ತದೆ. ಹೊರಗಿಂದ ನೋಡಿದ್ರೆ ಸೂಜಿ ಚುಚ್ಚಿದಷ್ಟು ತೂತು, ಒಳಗೆ ಹಲಗೆ ಪೂರಾ ಟೊಳ್ಳು. ಬೆಚ್ಚಗಿನ ಉಪ್ಪುನೀರಲ್ಲಿ ಕೆಲವೇ ತಿಂಗಳು ಸಾಕು.

ಈಗ ಹೇಳಿ, ಸಾವಿರಾರು ವರ್ಷ ಇದೇ ನೀರಲ್ಲಿ ಹಡಗು ಓಡಿಸಿದ ಚೀನೀಯರಿಗೆ ಈ ಹುಳ ಗೊತ್ತಿರ್ಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಅವರು ಹಡಗನ್ನ ಆಗಾಗ ಉಬ್ಬರದ ನೀರಲ್ಲಿ ದಡಕ್ಕೆ ತಂದು, ನೀರು ಇಳಿದ ಮೇಲೆ ತಳಕ್ಕೆ ಒಣಹುಲ್ಲಿನ ಬೆಂಕಿ ಹಿಡಿದು ಸುಡ್ತಿದ್ರು, ಹಲಗೆ ಸುಡುವಷ್ಟು ಅಲ್ಲ, ಮೈಗೆ ಅಂಟಿದ ಪಾಚಿ, ಮೊಟ್ಟೆ, ಹುಳ ಸಾಯುವಷ್ಟು. ಆಮೇಲೆ ಸುಣ್ಣ ಮತ್ತೆ ಟಂಗ್ ಎಣ್ಣೆ ಕಲಸಿ ಬಳಿಯುವುದು. ಹೊರಗಿನ ಹಲಗೆ ಪದರ ಹಾಳಾದ್ರೆ ಅದೊಂದನ್ನೇ ಹುಳಕ್ಕೆ ಬಿಟ್ಟುಕೊಟ್ಟ ಹಾಗೆ, ಒಳಗಿನದ್ದು ಉಳೀತದೆ. ಪೋಲೋ ಹೇಳಿದ ಪದರದ ಮೇಲೆ ಪದರಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನಗೆ ಗಟ್ಟಿ ಅನ್ನಿಸ್ತದೆ. ಅಂದ್ರೆ ಹಳೇ ಹಡಗು ಅಂತ ಹೇಳುವಾಗ ಮರ, ಮೊಳೆ, ಹಾಯಿ ಇಷ್ಟೇ ಅಲ್ಲ, ಅದನ್ನ ವರ್ಷವಿಡೀ ನೋಡಿಕೊಳ್ಳುವ ಕ್ರಮವೂ ಹಡಗಿನ ಒಂದು ಭಾಗ. ನಾಲ್ಕು ತಿಂಗಳು ದಡ ಮುಟ್ಟದೆ ಪೆಸಿಫಿಕ್‌ನಲ್ಲಿ ತೇಲುವ ಹಡಗಿಗೆ ಆ ಕ್ರಮ ಮಾಡ್ಲಿಕ್ಕೇ ಆಗುವುದಿಲ್ಲ. ಕರಾವಳಿ ಹಿಡಿದು, ಮಾನ್ಸೂನ್ ಗಾಳಿ ನೋಡಿ, ಬಂದರಿಂದ ಬಂದರಿಗೆ ಹೋಗುವ ಹಡಗನ್ನ ತಗೊಂಡು ಬೇರೆಯೇ ಪರೀಕ್ಷೆ ಬರೆಸಿದ ಹಾಗೆ ಆಯ್ತು ಅದು.

ಹಾಗಂತ ತೈ ಕಿ ಪ್ರಯತ್ನ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಸಮುದ್ರಕ್ಕೆ ಹೋಗದೇ ಇದ್ದಿದ್ರೆ ಈ ಹುಳದ ವಿಷಯ ಎಲ್ಲರೂ ಪುಸ್ತಕದಲ್ಲಿ ಒಂದು ಸಾಲು ಓದಿ ಮುಂದೆ ಹೋಗ್ತಿದ್ರು.

ಟಂಗ್ ಎಣ್ಣೆ ಬಗ್ಗೆ ಒಂದು ಮಾತು. ನಮ್ಮಲ್ಲಿ ದೋಣಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ತಾರೆ. ಟಂಗ್ ಅಂದ್ರೆ ಚೀನಾದಲ್ಲಿ ಬೆಳೆಯುವ ಒಂದು ಮರ, ಅದರ ಬೀಜದ ಎಣ್ಣೆ ಗಾಳಿಗೆ ಗಟ್ಟಿಯಾಗ್ತದೆ. ಅದಕ್ಕೆ ಚಿಪ್ಪು ಸುಟ್ಟ ಸುಣ್ಣ ಹಾಕಿ, ಸೆಣಬು ಅಥವಾ ಬಿದಿರಿನ ನಾರು ಹಾಕಿ, ಕುಟ್ಟಿ ಕುಟ್ಟಿ ಹದ ಮಾಡ್ಬೇಕು. ಹದ ಅಂದ್ರೆ ಎಷ್ಟು? ಪುಸ್ತಕದಲ್ಲಿ ಪ್ರಮಾಣ ಬರೀಬಹುದು, ಆದ್ರೆ ಮಳೆ ದಿವಸ ಬೇರೆ, ಬಿಸಿಲ ದಿವಸ ಬೇರೆ, ಅದು ಕುಟ್ಟುವವನ ಕೈಗೆ ಗೊತ್ತು. ಅಂಥ ಕೈ ಹೋದ್ರೆ ಆಮೇಲೆ ಎಂತ ಮ್ಯೂಸಿಯಂ ಕಟ್ಟಿದ್ರೂ ಪ್ರಯೋಜನ ಇಲ್ಲ. ನಮ್ಮಲ್ಲೂ ಮರದ ದೋಣಿ ಕಟ್ಟುವ ಆಚಾರಿಗಳು ಕಮ್ಮಿ ಆಗ್ತಾ ಇದ್ದಾರೆ, ಫೈಬರ್ ಬಂದ ಮೇಲೆ ಯಾರು ಕೇಳ್ತಾರೆ ಅವರನ್ನ.

ಶಾಸನ_ಪ್ರಿಯ:

ಮಿಂಗ್ ಕಾಲದ ಚೀನಾದ ನೌಕಾನಾಯಕ ಝೆಂಗ್ ಹೆ ಹೆಸರು ಇನ್ನೂ ಯಾರೂ ಎತ್ತಿಲ್ಲ ಅಂತ ಆಶ್ಚರ್ಯ ಆಯ್ತು, ಸರಿ ನಾನೇ ಎತ್ತುತ್ತೀನಿ, ಯಾಕಂದ್ರೆ ಈ ವಿಷಯದಲ್ಲಿ ಆನ್‌ಲೈನಲ್ಲಿ ಓಡಾಡೋ ಸುಳ್ಳು ಒಂದೆರಡಲ್ಲ.

1405ರಿಂದ 1433ರವರೆಗೆ ಏಳು ಯಾನ, ಕಲ್ಲಿಕೋಟೆ, ಕೊಚ್ಚಿಗೆ ಬಂದಿದ್ದು ಎಲ್ಲ ನಿಜ. ಮಿಂಗ್ ರಾಜವಂಶದ ಅಧಿಕೃತ ಇತಿಹಾಸದಲ್ಲಿ ಅವನ ದೊಡ್ಡ ಹಡಗುಗಳು 44 ಝಾಂಗ್ (ಚೀನಾದ ಹಳೇ ಅಳತೆ) ಉದ್ದ, 18 ಝಾಂಗ್ ಅಗಲ ಅಂತ ಇದೆ. ಇವತ್ತಿನ ಲೆಕ್ಕಕ್ಕೆ ತಂದ್ರೆ ಹತ್ತಿರ ಹತ್ತಿರ 135 ಮೀಟರ್ ಉದ್ದ, 55 ಮೀಟರ್ ಅಗಲ. ಆ ಪುಸ್ತಕ ಸಂಪಾದನೆ ಆಗಿದ್ದು ಯಾನಗಳು ಮುಗಿದು ಮುನ್ನೂರು ವರ್ಷ ಆದ್ಮೇಲೆ ಅನ್ನೋದನ್ನ ಯಾರೂ ಹೇಳಲ್ಲ.

ಮರದ ಹಡಗು ಅಷ್ಟು ಉದ್ದ ಆದ್ರೆ ಏನಾಗುತ್ತೆ ಅಂತ ನೋಡೋಕೆ ಚೀನಾಗೆ ಹೋಗಬೇಕಿಲ್ಲ. 1909ರಲ್ಲಿ ಅಮೆರಿಕಾದಲ್ಲಿ ವಯೋಮಿಂಗ್ ಅಂತ ಆರು ಕಂಬದ ಸ್ಕೂನರ್ ಕಟ್ಟಿದ್ರು, ಮೈ ಉದ್ದ ನೂರು ಮೀಟರ್ ಆಸುಪಾಸು, ಬಿಗಿಯಾಗಿರ್ಲಿ ಅಂತ ಕಬ್ಬಿಣದ ಪಟ್ಟಿಗಳನ್ನೂ ಹಾಕಿದ್ರು, ಆದ್ರೂ ಅಲೆಗೆ ಮೈ ಬಾಗಿ ಬಾಗಿ ಸಂದಿ ಬಿಟ್ಟು ನೀರು ಬರ್ತಾನೇ ಇತ್ತು, ಪಂಪು ನಿಲ್ಲಿಸೋ ಹಾಗೇ ಇರ್ಲಿಲ್ಲ, 1924ರಲ್ಲಿ ಬಿರುಗಾಳಿಗೆ ಸಿಕ್ಕಿ ಎಲ್ಲರ ಸಮೇತ ಮುಳುಗ್ತು. ಅದಕ್ಕೇ ಶಿನ್ ಯುವಾನ್‌ಔ ಅವರಂಥ ಚೀನಾದ ಹಡಗು ಎಂಜಿನಿಯರ್‌ಗಳೇ ಝೆಂಗ್ ಹೆಯ ಹಡಗು 60 ಮೀಟರ್ ಆಸುಪಾಸು ಇದ್ದಿರಬೇಕು ಅಂತ ವಾದ ಮಾಡಿದ್ದಾರೆ.

ಆದ್ರೆ ಇನ್ನೊಂದು ಕಡೆಯ ಸಾಕ್ಷಿಯನ್ನೂ ಹೇಳಬೇಕು, ಇಲ್ಲಾಂದ್ರೆ ನ್ಯಾಯ ಅಲ್ಲ. 1957ರಲ್ಲಿ ನಾನ್‌ಜಿಂಗ್‌ನ ಹಳೇ ಹಡಗುಕಟ್ಟೆಯ ಕೆಸರಲ್ಲಿ ಚುಕ್ಕಾಣಿಯ ಕಂಬ ಒಂದು ಸಿಕ್ತು, 11.07 ಮೀಟರ್ ಉದ್ದ! ಮೂರು ಮಹಡಿ ಮನೆ ಎತ್ತರದ ಚುಕ್ಕಾಣಿ ಕಂಬ ಇರೋ ಹಡಗು ಚಿಕ್ಕದಂತೂ ಅಲ್ಲ. 2010ರಲ್ಲಿ ಝೆಂಗ್ ಹೆ ಜೊತೆ ಹೋಗಿದ್ದ ಹೊಂಗ್ ಬಾವ್ ಅನ್ನೋ ಅಧಿಕಾರಿಯ ಸಮಾಧಿ ಸಿಕ್ಕಿದಾಗ ಅಲ್ಲಿದ್ದ ಶಾಸನದಲ್ಲಿ 5000 ಲಿಯಾವ್ ಹಡಗಿನ ಉಲ್ಲೇಖ ಇತ್ತು. ಲಿಯಾವ್ ಅನ್ನೋದು ಹಡಗಿನ ಗಾತ್ರದ ಅಳತೆ, ಅದನ್ನ ಮೀಟರಿಗೆ ಹೇಗೆ ತರೋದು ಅನ್ನೋದ್ರಲ್ಲೇ ವಿದ್ವಾಂಸರು ಒಬ್ಬರಿಗೊಬ್ಬರು ಒಪ್ಪಲ್ಲ. ಒಂದು ಚುಕ್ಕಾಣಿ ಕಂಬ ಇಟ್ಕೊಂಡು ಇಡೀ ಹಡಗು ಊಹಿಸೋದು ಎಷ್ಟು ಕಷ್ಟ ಅಂದ್ರೆ, ಚೀನಾದ ಚುಕ್ಕಾಣಿ ಯುರೋಪಿನ ಥರ ಹಿಂದಿನ ಮರಕ್ಕೆ ಕೀಲು ಹಾಕಿ ನೇತುಹಾಕಿದ್ದಲ್ಲ, ಮೇಲೆ ಕೆಳಗೆ ಎತ್ತಿ ಇಳಿಸೋ ಥರದ್ದು, ಹಡಗಿನ ತಳಕ್ಕಿಂತ ಕೆಳಗೆ ಇಳಿಸಿದ್ರೆ ಪಕ್ಕಕ್ಕೆ ಜಾರದಂಗೂ ತಡೆಯುತ್ತೆ. ಹಾಗಾಗಿ ಹಡಗಿನ ಗಾತ್ರಕ್ಕೆ ಹೋಲಿಸಿದ್ರೆ ಅದು ಯಾವಾಗಲೂ ಭಾರೀನೇ ಇರ್ತಿತ್ತು.

ನಾನ್‌ಜಿಂಗ್‌ನಲ್ಲಿ ಈಗ ಆ ಹಡಗುಕಟ್ಟೆ ಜಾಗ ಪಾರ್ಕ್ ಆಗಿದೆ, 63 ಮೀಟರ್ ಉದ್ದದ ಝೆಂಗ್ ಹೆ ಹಡಗು ನಿಲ್ಸಿದ್ದಾರೆ, ಫೋಟೋ ಎಲ್ಲರೂ ನೋಡಿರ್ತೀರ. ಅದು ಕಾಂಕ್ರೀಟ್ ಮೇಲೆ ಮರದ ಹಲಗೆ ಹೊದಿಸಿದ್ದು. ನೋಡೋಕೆ ಚೆನ್ನಾಗಿದೆ, ಮಕ್ಕಳು ಖುಷಿ ಪಡ್ತಾರೆ, ಅದಕ್ಕೂ ಪುರಾತತ್ವಕ್ಕೂ ಸಂಬಂಧ ಇಲ್ಲ. ನಿಜವಾಗಿ ಓಡೋ 71 ಮೀಟರ್ ಹಡಗು ಕಟ್ತೀವಿ ಅಂತ ದೊಡ್ಡದಾಗಿ ಘೋಷಣೆ ಆಗಿತ್ತು, ಹೇಳಿದ ಟೈಮಿಗೆ ಅದು ನೀರಿಗೆ ಇಳೀಲೇ ಇಲ್ಲ. ನನ್ನ ಅಭಿಪ್ರಾಯ ಹೇಳ್ತೀನಿ, ಯಾರಿಗಾದ್ರೂ ಬೇಜಾರಾದ್ರೂ ಪರವಾಗಿಲ್ಲ: ಎಷ್ಟು ಉದ್ದ ಅಂತಾನೇ ಗೊತ್ತಿಲ್ಲದ ಹಡಗನ್ನ ಮರದಲ್ಲಿ ಕಟ್ಟಿದ್ರೆ ಅದು ರಾಷ್ಟ್ರದ ಹೆಮ್ಮೆಯ ಸ್ಮಾರಕ ಆಗಬಹುದು, ಪ್ರಯೋಗ ಆಗಲ್ಲ.

ತೀರದ_ಓದುಗ:

ಅಬ್ಬಾ, ಇಷ್ಟು ವಿವರ ನಿರೀಕ್ಷೆ ಮಾಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಎರಡು ಪ್ರಶ್ನೆ ಉಳೀತು. ಒಂದು, ಅಡ್ಡಗೋಡೆ ಇದ್ರೆ ಒಂದು ಕೋಣೆಗೆ ನೀರು ಬಂದ್ರೂ ಹಡಗು ಮುಳುಗಲ್ಲ ಅಂತಾರಲ್ಲ, ಹಾಗಾದ್ರೆ ಪ್ರಿನ್ಸೆಸ್ ತೈಪಿಂಗ್ ಯಾಕೆ ಮುಳುಗ್ತು? ಎರಡು, ಆ ಹಾಯಿ ಬಗ್ಗೆ ಯಾರೂ ಹೇಳ್ಲಿಲ್ಲ, ಗಾಳಿಗೆ ಎದುರಾಗಿ ಹೋಗೋಕೆ ಆಗುತ್ತಾ ಅದ್ರಲ್ಲಿ?

ಸಿಂಗಾಪುರದಿಂದ_ರೂಪ:

ನಿಮ್ಮ ಎರಡಕ್ಕೂ ಹಾಯಿ_ಹಗ್ಗ ಸರ್ ಉತ್ತರಿಸ್ಲಿ, ನಾನು ಬೇರೆ ಒಂದು ಸೇರಿಸ್ತೀನಿ. ಇಲ್ಲಿ ಸೆಂಟೋಸಾದಲ್ಲಿ ಜ್ಯುವೆಲ್ ಆಫ್ ಮಸ್ಕತ್ ಹಡಗನ್ನ ನೋಡಿದ್ದೆ. ಅದು ಚೀನಾದ ಹಡಗಲ್ಲ. ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಹತ್ರ ಸಿಕ್ಕ 9ನೇ ಶತಮಾನದ ಹಡಗಿನ ಪ್ರತಿರೂಪ, ಸರಕೆಲ್ಲ ಟಾಂಗ್ ಕಾಲದ ಚೀನಾದ ಪಿಂಗಾಣಿ, ಸುಮಾರು 60,000 ವಸ್ತು, ಹಡಗು ಮಾತ್ರ ಅರಬ್ಬರ ಕಡೆಯ ಹೊಲಿದ ಹಡಗು. ಒಮಾನ್‌ನಲ್ಲಿ ಕಟ್ಟಿ 2010ರಲ್ಲಿ ಕೊಚ್ಚಿ ಮೇಲಿಂದಾನೇ ಇಲ್ಲಿಗೆ ಓಡಿಸ್ಕೊಂಡು ಬಂದ್ರು.

ಅಲ್ಲಿ ನಿಂತು ನೋಡುವಾಗ ನನಗೆ ಅನ್ಸಿದ್ದು ಏನಂದ್ರೆ, ಒಂದೊಂದು ಹೊಲಿಗೆ ಯಾಕೆ ಹಾಗೆ ಹಾಕಿದ್ರು ಅನ್ನೋದಕ್ಕೆ ಸಮುದ್ರದಡಿ ಸಿಕ್ಕ ತುಣುಕಿನ ಆಧಾರ ಇತ್ತು. ಈ ಮಟ್ಟದ ಕೆಲಸ ಚೀನಾದ ಹಡಗಿಗೂ ಆಗಬೇಕು. ಕೊರಿಯಾದ ಮೊಕ್ಪೋ ಮ್ಯೂಸಿಯಂನಲ್ಲಿ ಶಿನಾನ್ ಹಡಗು ಇದೆ, 1323ರಲ್ಲಿ ನಿಂಗ್ಬೋದಿಂದ ಜಪಾನಿಗೆ ಹೋಗ್ತಾ ಮುಳುಗಿದ್ದು, 28 ಟನ್ ತಾಮ್ರದ ನಾಣ್ಯ ಇತ್ತಂತೆ ಅದ್ರಲ್ಲಿ! ಮರದ ತುಣುಕುಗಳನ್ನ ವರ್ಷಾನುಗಟ್ಟಲೆ ಸಂಸ್ಕರಿಸಿ, ಚಿಕ್ಕ ಮಾದರಿ ಮಾಡಿ ಆಕಾರ ತಾಳೆ ನೋಡಿ, ಆಮೇಲೆ ನಿಜವಾದ ಮರವನ್ನ ಜೋಡಿಸಿ ನಿಲ್ಸಿದ್ದಾರೆ. ಓಡಿಸಿಲ್ಲ, ಆದ್ರೂ ಅದೂ ಪ್ರಯೋಗವೇ. ಪ್ರತಿ ತುಣುಕೂ ತನ್ನ ಜಾಗಕ್ಕೆ ಕೂರಬೇಕು, ಕೂರ್ಲಿಲ್ಲ ಅಂದ್ರೆ ನಾವು ಅಂದ್ಕೊಂಡ ಆಕಾರ ತಪ್ಪು ಅಂತ.

ಇನ್ನೊಂದು, 14ನೇ ಶತಮಾನದ ಮೊರಾಕೊ ಪ್ರವಾಸಿ ಇಬ್ನ್ ಬತೂತ ನಮ್ಮ ಹೊನ್ನಾವರ, ಮಂಗಳೂರು ದಾಟ್ಕೊಂಡು ಕಲ್ಲಿಕೋಟೆಗೆ ಹೋದಾಗ ಅಲ್ಲಿ ಚೀನಾದ ಹಡಗುಗಳನ್ನ ನೋಡಿ ಬರೆದಿದ್ದಾನೆ. ಬಿದಿರಿನ ಪಟ್ಟಿ ಹೆಣೆದ ಹಾಯಿ, ದೊಡ್ಡ ಹಡಗಿಗೆ ಹನ್ನೆರಡು ಹಾಯಿವರೆಗೂ, ಸಾವಿರ ಜನ ಅಂತ. ಮಲಬಾರಲ್ಲಿ ಚೀನಾದ ಹಡಗು ಬರೋದು ಹೀಲಿ, ಕಲ್ಲಿಕೋಟೆ, ಕೊಲ್ಲಂಗೆ ಮಾತ್ರ ಅಂತಾನೆ, ಹೀಲಿ ಅಂದ್ರೆ ಕಣ್ಣೂರಿನ ಹತ್ರದ ಏಳಿಮಲೆ. ನಮ್ಮ ಗಡಿಗೆ ಎಷ್ಟು ಹತ್ರ ನೋಡಿ.

ಹಾಯಿ_ಹಗ್ಗ:

ರೂಪ ಮೇಡಂ, ಶಿನಾನ್ ವಿಷಯ ಎತ್ತಿದ್ದು ತುಂಬಾ ಒಳ್ಳೇದಾಯ್ತು. ಬಂದರು_ರಸ್ತೆ ಅಣ್ಣ, ನಿರ್ವಹಣೆನೂ ಹಡಗಿನ ಭಾಗ ಅನ್ನೋ ಮಾತು ನಾನು ಪೂರ್ತಿ ಒಪ್ತೀನಿ, ಹಡಗುಕಟ್ಟೆ ಅಂದಾಗ ನನ್ನ ಮನಸ್ಸಲ್ಲಿ ಅದೂ ಸೇರಿಯೇ ಇತ್ತು.

ಅಡ್ಡಗೋಡೆ. ಪ್ರಿನ್ಸೆಸ್ ತೈಪಿಂಗ್ 54 ಅಡಿಯ ಹಡಗು, ಮಿಂಗ್ ಕಾಲದ ಫೂಜಿಯಾನ್ ಯುದ್ಧನೌಕೆ ಮಾದರಿ, ಎಂಜಿನ್ ಇಲ್ಲ. 2008ರಲ್ಲಿ ಹೊರಟು ಕ್ಯಾಲಿಫೋರ್ನಿಯಾ ಮುಟ್ಟಿ, ಹವಾಯಿ ಮೇಲಿಂದ ವಾಪಸ್ ಬಂದು, ಇನ್ನೇನು ಊರು ಸೇರ್ತು ಅನ್ನುವಾಗ 2009ರ ಏಪ್ರಿಲ್ 26ರಂದು ತೈವಾನ್ ಹತ್ರ ಒಂದು ಸರಕು ಹಡಗು ಡಿಕ್ಕಿ ಹೊಡೀತು, ಹಡಗು ಎರಡು ತುಂಡಾಯ್ತು. ಹನ್ನೊಂದು ಜನರೂ ಬದುಕಿದ್ರು, ಅದು ದೊಡ್ಡ ಸಮಾಧಾನ. ಎರಡು ತುಂಡಾದ ಹಡಗನ್ನ ಯಾವ ಅಡ್ಡಗೋಡೆಯೂ ಕಾಪಾಡಲ್ಲ. ಹಾಗಾಗಿ ಅದು ಮುಳುಗಿದ್ದಕ್ಕೂ ವಿನ್ಯಾಸಕ್ಕೂ ಸಂಬಂಧ ಇಲ್ಲ, ಪೆಸಿಫಿಕ್ ಎರಡು ಸಲ ದಾಟಿದ್ದು ಮಾತ್ರ ಲೆಕ್ಕಕ್ಕೆ ತಗೋಬೇಕು.

ಅಡ್ಡಗೋಡೆ ಅಂದ್ರೆ ನೀರು ತಡೆಯೋದು ಅಂತಷ್ಟೇ ಎಲ್ಲರೂ ಹೇಳ್ತಾರೆ. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡ ಕೆಲಸ ಗಟ್ಟಿತನದ್ದು. ಯುರೋಪಿನ ಹಡಗಲ್ಲಿ ಒತ್ತೊತ್ತಾಗಿ ಪಕ್ಕೆಲುಬು ಇಡ್ತಾರೆ, ಇಲ್ಲಿ ಆ ಕೆಲಸವನ್ನ ಗೋಡೆಗಳೇ ಮಾಡ್ತವೆ, ಬೆನ್ನುಮರ ಇಟ್ಟು ಗೋಡೆ ನಿಲ್ಲಿಸಿದ್ರೆ ಹಡಗಿನ ಆಕಾರವೇ ನಿಂತ ಹಾಗೆ, ಹಲಗೆ ಅದರ ಸುತ್ತ ಬಗ್ಗುತ್ತೆ. ಚ್ವಾನ್‌ಜೌ ಹಡಗಲ್ಲಿ ಗೋಡೆಯನ್ನ ಹಲಗೆಗೆ ಹಿಡಿದಿಡೋಕೆ ಬಾಗಿಸಿದ ಕಬ್ಬಿಣದ ಪಟ್ಟಿ ಹೊಡೆದಿದ್ದಾರೆ. ಮತ್ತೆ ಗೋಡೆಯ ಬುಡದಲ್ಲಿ, ಬೆನ್ನುಮರದ ಹತ್ರ, ಸಣ್ಣ ತೂತು ಬಿಟ್ಟಿದ್ದಾರೆ! ನೀರು ತಡೆಯೋ ಗೋಡೆಗೆ ತೂತು ಯಾಕೆ ಅಂದ್ರೆ, ದಿನನಿತ್ಯ ಜಿನುಗೋ ನೀರು ಒಂದು ಕಡೆ ಹರಿದು ಬರ್ಲಿ, ಎತ್ತಿ ಚೆಲ್ಲೋಕೆ ಸುಲಭ, ಅಪಾಯ ಬಂದಾಗ ಬಿರಡೆ ಬಡಿದ್ರೆ ಕೋಣೆ ಬೇರೆ ಆಗುತ್ತೆ. ಸರಕು ತುಂಬಿರುವಾಗ ಆ ಬಿರಡೆವರೆಗೂ ಕೈ ಹೋಗುತ್ತಾ, ಎಷ್ಟು ಹೊತ್ತು ಹಿಡಿಯುತ್ತೆ, ಇದು ಚೆನ್ನಾಗಿರೋ ಪ್ರಯೋಗದ ಪ್ರಶ್ನೆ.

ಈ ಅಡ್ಡಗೋಡೆ ಕಟ್ಟೋ ವಿದ್ಯೆಯನ್ನ 2010ರಲ್ಲಿ ಯುನೆಸ್ಕೋ ತುರ್ತಾಗಿ ಉಳಿಸಬೇಕಾದ ಪರಂಪರೆಯ ಪಟ್ಟಿಗೆ ಸೇರಿಸ್ತು. ಫೂಜಿಯಾನ್‌ನ ನಿಂಗ್‌ಡೆ, ಚ್ವಾನ್‌ಜೌ ಕಡೆ ಇನ್ನೂ ಕೆಲವರಿಗೆ ಗೊತ್ತು. ಉಕ್ಕಿನ ಹಡಗು ಬಂತು, ಮರದ ರೇಟು ಏರ್ತು, ಆರ್ಡರ್ ಇಲ್ಲ. ಆರ್ಡರ್ ಇಲ್ಲದೆ ಕಲಿಯೋ ಹುಡುಗರು ಬರಲ್ಲ. ಪ್ರತಿರೂಪ ಕಟ್ಟಿಸೋದ್ರಿಂದ ಪುರಾತತ್ವಕ್ಕೆ ಏನು ಸಿಗುತ್ತೋ ಬಿಡುತ್ತೋ, ಅವರಿಗೆ ಒಂದು ಪೂರ್ತಿ ಹಡಗು ಕಟ್ಟೋ ಅವಕಾಶ ಸಿಗುತ್ತಲ್ಲ, ಅದೊಂದಕ್ಕೇ ನಾನು ದುಡ್ಡು ಹಾಕಬೇಕು ಅಂತೀನಿ.

ಈಗ ಹಾಯಿ. ಅಡ್ಡಕ್ಕೆ ಬಿದಿರಿನ ಪಟ್ಟಿಗಳು, ಪ್ರತಿ ಪಟ್ಟಿಯ ತುದಿಯಿಂದ ಒಂದೊಂದು ಹಗ್ಗ ಬಂದು ಕೆಳಗೆ ಒಂದಾಗಿ ಸೇರುತ್ತೆ. ಗಾಳಿ ಜೋರಾದ್ರೆ ಹಾಯಿಯನ್ನ ಮೇಲಕ್ಕೆತ್ತಿ ಹಿಡಿದ ಹಗ್ಗ ಸಡಿಲ ಬಿಟ್ರೆ ಸಾಕು, ಹಾಯಿ ತನ್ನ ಭಾರಕ್ಕೆ ತಾನೇ ಮಡಚಿಕೊಂಡು ಕೂರುತ್ತೆ, ಯಾರೂ ಕಂಬ ಹತ್ತಬೇಕಿಲ್ಲ. 1960ರಲ್ಲಿ ಬ್ಲಾಂಡಿ ಹ್ಯಾಸ್ಲರ್ ಅನ್ನೋರು ಜೆಸ್ಟರ್ ಅನ್ನೋ ಪುಟ್ಟ ದೋಣಿಗೆ ಇದೇ ಥರ ಹಾಯಿ ಹಾಕಿ ಅಟ್ಲಾಂಟಿಕ್ ಒಂಟಿ ರೇಸಲ್ಲಿ 48 ದಿನದಲ್ಲಿ ಎರಡನೇ ಸ್ಥಾನ ಬಂದ್ರು. ಅದರಿಂದ ಹಾಯಿ ಎಷ್ಟು ಸುಲಭ ಅಂತ ಗೊತ್ತಾಯ್ತು, ಆದ್ರೆ ಅವರ ದೋಣಿಯ ತಳ ಯುರೋಪಿನದ್ದು, ಆಳವಾದ ಕೀಲ್ ಇದ್ದದ್ದು. ಸರಕು ತುಂಬಿದ ಸಾಂಗ್ ಕಾಲದ ಹಡಗು ಗಾಳಿಗೆ ಎಷ್ಟು ಎದುರಾಗಿ ಹೋಗ್ತಿತ್ತು ಅನ್ನೋದಕ್ಕೆ ಅದು ಉತ್ತರ ಅಲ್ಲ. ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳೋದಾದ್ರೆ, ಹೋಗುತ್ತೆ, ಆದ್ರೆ ಎಷ್ಟು ಡಿಗ್ರಿ ಅನ್ನೋದು ಹಾಯಿ ಒಂದರ ಮೇಲೆ ನಿಂತಿಲ್ಲ, ತಳದ ಆಕಾರ, ಇಳಿಸಿದ ಚುಕ್ಕಾಣಿ, ಹಾಯಿ ಬಟ್ಟೆಯದ್ದಾ ಹೆಣೆದ ಬಿದಿರಿನದ್ದಾ ಎಲ್ಲ ಸೇರಿ ಆಗೋದು. ಇಬ್ನ್ ಬತೂತ ನೋಡಿದ್ದು ಬಿದಿರಿನ ಹಾಯಿ, ಅದು ಬಟ್ಟೆಗಿಂತ ಎಷ್ಟೋ ಭಾರ, ಕಂಬದ ಮೇಲೆ ಬೀಳೋ ಒತ್ತಡವೇ ಬೇರೆ.

ಹಾಗಾಗಿ ಮುಂದೆ ಯಾರಾದ್ರೂ ಕಟ್ಟೋದಾದ್ರೆ ಚ್ವಾನ್‌ಜೌ ಹಡಗಿನ ತಳವನ್ನೇ, ಸಿಕ್ಕಿದ ಅಳತೆಯಲ್ಲೇ, ಪದರದ ಹಲಗೆ ಮತ್ತು ಸುಣ್ಣ-ಟಂಗ್ ಎಣ್ಣೆ ಗಾರೆ ಸಮೇತ ಕಟ್ಟಬೇಕು. ಎರಡು ಜೊತೆ ಹಾಯಿ ಮಾಡಿಸಬೇಕು, ಒಂದು ಬಿದಿರು, ಒಂದು ಬಟ್ಟೆ, ಅದೇ ತಳ, ಅದೇ ಸರಕಿನ ಭಾರ, ಬದಲಾಗೋದು ಹಾಯಿ ಮಾತ್ರ. ಸಾಗರ ದಾಟಿಸೋದು ಬೇಡ. ಚ್ವಾನ್‌ಜೌದಿಂದ ಆಗ್ನೇಯ ಏಷ್ಯಾಕ್ಕೆ ಈಶಾನ್ಯ ಮಾನ್ಸೂನಲ್ಲಿ ಹೋಗಿ ನೈಋತ್ಯ ಮಾನ್ಸೂನಲ್ಲಿ ವಾಪಸ್ ಬರ್ಲಿ, ಮಧ್ಯೆ ಬಂದರಲ್ಲಿ ಅಣ್ಣ ಹೇಳಿದ ಹಾಗೆ ತಳ ಸುಟ್ಟು ಬಳೀಲಿ, ಪ್ರತಿ ಕೋಣೆಯಲ್ಲಿ ದಿನಕ್ಕೆ ಎಷ್ಟು ನೀರು ಜಿನುಗಿತು ಅಂತ ಬರೆದಿಡ್ಲಿ. ನಾನ್‌ಹಾಯ್ 1 ಅಂತ ಇನ್ನೊಂದು ಸಾಂಗ್ ಹಡಗನ್ನ 2007ರಲ್ಲಿ ಸುತ್ತಲಿನ ಕೆಸರಿನ ಸಮೇತ ಉಕ್ಕಿನ ಪೆಟ್ಟಿಗೆಯಲ್ಲಿ ಎತ್ತಿ ಗುವಾಂಗ್‌ಡಾಂಗ್‌ನ ಯಾಂಗ್‌ಜಿಯಾಂಗ್ ಮ್ಯೂಸಿಯಂ ಒಳಗೆ ಇಟ್ಟಿದ್ದಾರೆ, 1,80,000ಕ್ಕಿಂತ ಜಾಸ್ತಿ ವಸ್ತು ಹೊರಗೆ ಬಂದಿದೆ. ಸರಕನ್ನ ಕೋಣೆ ಕೋಣೆಯಲ್ಲಿ ಹೇಗೆ ಜೋಡಿಸಿದ್ರು ಅನ್ನೋದು ಅಲ್ಲಿ ಹಾಗ್ಹಾಗೇ ಸಿಕ್ಕಿದೆ. ಪ್ರತಿರೂಪಕ್ಕೆ ಭಾರ ತುಂಬುವಾಗ ಅದೇ ಲೆಕ್ಕ ಹಿಡೀಬೇಕು, ಮರಳು ಮೂಟೆ ಹಾಕಿ ಓಡಿಸಿದ್ರೆ ಹಡಗು ಬೇರೆ ಥರ ವಾಲುತ್ತೆ.